ಬಣ್ಣ ಚಾಡಿ ಹೇಳುತ್ತದೆ

ಮೊದಲು ಆ ಏರ್‌ಬ್ರಶ್ ಪೆಟ್ಟಿಗೆ ಮುಚ್ಚಿ ಬೀರುವಿನ ಮೇಲಿಡು. ಬೇಡ ಅಂತಲ್ಲ, ಈಗ ಬೇಡ. ಮೊದಲ ಕೆಲಸದ ಸಂಬಳದಲ್ಲಿ ಕಂಪ್ರೆಸರ್ ಸಮೇತ ತಂದುಕೊಂಡಿದ್ದೀಯ ಅಂತ ನಿಮ್ಮಪ್ಪ ಹೇಳಿದಾಗ ನನಗೆ ಖುಷಿಯೇ ಆಯಿತು. ಪ್ಲಾಸ್ಟಿಕ್ ಮಾದರಿ ವಿಮಾನ ಮಾಡುವ ಈ ಹುಚ್ಚು ನಮ್ಮ ಮನೆಯಲ್ಲಿ ನನಗೇ ಮುಗಿಯುತ್ತದೆ ಅಂದುಕೊಂಡಿದ್ದೆ. ಆದರೆ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆ ‘ದೊಡ್ಡಪ್ಪ, ಪೇಂಟ್ ನುಣ್ಣಗೆ ಬರೋಕೆ ಏನು ಮಾಡಬೇಕು’ ಅನ್ನುವುದು. ಅದಕ್ಕೆ ಉತ್ತರ ಪೇಂಟ್ ಬಾಟಲಿಯಲ್ಲಿಲ್ಲ ಕಣೋ. ಇಷ್ಟು ಸಣ್ಣ ವಿಮಾನದ ಮೇಲೆ ಬಣ್ಣ ಏನನ್ನೂ ಮುಚ್ಚುವುದಿಲ್ಲ. ಅಡಿಯಲ್ಲಿ ಬಿಟ್ಟ ಬಿರುಕು, ಅಂಟು ಹರಿದ ಗುರುತು, ಉಜ್ಜಿದ ಗೀರು, ಬೆರಳಿನ ಜಿಡ್ಡು, ಎಲ್ಲವನ್ನೂ ಒಂದೊಂದಾಗಿ ಚಾಡಿ ಹೇಳುತ್ತದೆ. ಒಂದು ಪದರ ಹೇಗೆ ಬರುತ್ತದೆ ಅನ್ನುವುದು ಅದರ ಕೆಳಗಿನ ಪದರದಲ್ಲಿ ಆಗಲೇ ತೀರ್ಮಾನವಾಗಿರುತ್ತದೆ. ನಾನು ಹೇಳಬೇಕಾದ್ದು ಇಷ್ಟೇ. ಉಳಿದದ್ದು ಅದರ ವಿವರ.

ನೀನು ಕೊಂಡ ಕಿಟ್‌ಗಳ ಫೋಟೊ ನೋಡಿದೆ. ಆ ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರನ್ನು ಸದ್ಯಕ್ಕೆ ಮುಟ್ಟಬೇಡ. 1/72 ಅಳತೆಯಲ್ಲಿ ನಿಜದ 6 ಅಡಿ ಇಲ್ಲಿ 1 ಇಂಚು. ಲಿಬರೇಟರಿನ ರೆಕ್ಕೆಯ ಹರವು 110 ಅಡಿ. ಮಾಡಿ ಮುಗಿಸಿದರೆ ಹದಿನೆಂಟು ಇಂಚು ದಾಟುತ್ತದೆ. ಇಡೋಕೆ ಜಾಗವೂ ಇಲ್ಲ, ಮುಗಿಸೋಕೆ ತಾಳ್ಮೆಯೂ ಇನ್ನೂ ಬಂದಿಲ್ಲ. ಸ್ಪಿಟ್‌ಫೈರ್ ತೆಗೆದುಕೋ. ಹರವು 36 ಅಡಿ 10 ಇಂಚು, ಮಾದರಿಯಲ್ಲಿ ಆರು ಇಂಚಿಗೆ ಸ್ವಲ್ಪ ಮೇಲೆ, ಅಂಗೈ ಮೇಲೆ ಕೂರುತ್ತದೆ. ಒಂದೇ ಎಂಜಿನ್, ಒಂದೇ ಸೀಟು, ಭಾಗಗಳು ಕಡಿಮೆ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ 1953ರಲ್ಲಿ ಎರಡು ಶಿಲ್ಲಿಂಗಿಗೆ ಮಾರಲು ಶುರುಮಾಡಿದ್ದೂ ಇದೇ ವಿಮಾನವನ್ನೇ. ಆಮೇಲೆ ಎಷ್ಟೋ ದೇಶಗಳ ಹುಡುಗರು ಕೈ ಪಳಗಿಸಿಕೊಂಡದ್ದು ಇದರ ಮೇಲೆ. ಜೋಡಿ ರೆಕ್ಕೆಯ ಹಳೆಯ ವಿಮಾನಗಳು, ದಾರ ಕಟ್ಟುವ ಕೆಲಸ, ಬಣ್ಣವಿಲ್ಲದ ಬೆಳ್ಳಿಯ ಹೊಳಪಿನ ಜೆಟ್‌ಗಳು ಇವನ್ನೆಲ್ಲ ಆಮೇಲೆ ನೋಡೋಣ. ಬೆಳ್ಳಿ ಬಣ್ಣವಂತೂ ಚಾಡಿಕೋರರಲ್ಲೇ ಮೊದಲನೆಯದು.

ಡಬ್ಬಿ ತೆರೆದ ಕೂಡಲೇ ಅಂಟಿಸಲು ಕೂರಬೇಡ. ಅವು ಕೂಡಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು ಸಮೇತ ಎಲ್ಲ ಭಾಗಗಳನ್ನೂ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತೊಳೆ. ಅಚ್ಚಿನಿಂದ ಪ್ಲಾಸ್ಟಿಕ್ ಸುಲಭವಾಗಿ ಬಿಡಲಿ ಅಂತ ಸವರುವ ಜಿಡ್ಡು ಅದರ ಮೇಲೆ ಉಳಿದಿರಬಹುದು. ಆಮೇಲೆ ಬಣ್ಣ ಸಿಪ್ಪೆ ಎದ್ದು ಬಂತು ಅಂತ ಬಣ್ಣದವನನ್ನು ಬೈಯುವುದು ತಪ್ಪುತ್ತದೆ. ಭಾಗಗಳನ್ನು ಕೈಯಿಂದ ತಿರುಚಿ ಕೀಳಬೇಡ. ನಿಪ್ಪರ್‌ನಿಂದ ಸ್ವಲ್ಪ ದೂರದಲ್ಲಿ ಒಮ್ಮೆ ಕತ್ತರಿಸು, ಆಮೇಲೆ ಹತ್ತಿರ ಇನ್ನೊಮ್ಮೆ, ಉಳಿದ ಮೊಳೆಯನ್ನು ಬ್ಲೇಡಿನಿಂದ ತೆಗೆದು ಉಜ್ಜು. ಒಂದೇ ಏಟಿಗೆ ಬುಡಕ್ಕೆ ಕತ್ತರಿಸಿದರೆ ಪ್ಲಾಸ್ಟಿಕ್ ಒತ್ತಡಕ್ಕೆ ಬೆಳ್ಳಗಾಗುತ್ತದೆ, ಕೆಲವೊಮ್ಮೆ ಭಾಗದಿಂದಲೇ ಒಂದು ಚೂರು ಕಿತ್ತು ಬರುತ್ತದೆ. ಅಂಟು ಹಾಕುವ ಮೊದಲು ಎಲ್ಲವನ್ನೂ ಟೇಪ್ ಹಚ್ಚಿ ಜೋಡಿಸಿ ನೋಡು. ಎಲ್ಲಿ ಕೂರುವುದಿಲ್ಲ ಅಂತ ಆಗಲೇ ಗೊತ್ತಾಗಿಬಿಟ್ಟರೆ ಉಜ್ಜಿ ಸರಿಮಾಡುವುದು ಐದು ನಿಮಿಷದ ಕೆಲಸ.

ಅಂಟಿನ ವಿಷಯ ಸ್ವಲ್ಪ ನಿಧಾನವಾಗಿ ಕೇಳು. ಈ ಕಿಟ್‌ಗಳು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನವು. ಇದಕ್ಕೆಂದೇ ಮಾಡಿದ ನೀರಿನಂಥ ತೆಳು ಸಿಮೆಂಟ್ ನಿಜವಾಗಿ ಅಂಟಲ್ಲ. ಎರಡೂ ಕಡೆಯ ಪ್ಲಾಸ್ಟಿಕ್ ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ. ಆದ್ದರಿಂದ ಮೊದಲು ಹಚ್ಚಿ ಆಮೇಲೆ ಜೋಡಿಸುವುದಲ್ಲ, ಮೊದಲು ಜೋಡಿಸಿ ಹಿಡಿದು, ಬ್ರಶ್ಶಿನ ತುದಿಯನ್ನು ಸಂದಿಗೆ ತಾಗಿಸು. ಅದೇ ಓಡಿ ಒಳಗೆ ಹೋಗುತ್ತದೆ. ಒಂದೆರಡು ನಿಮಿಷ ಬಿಟ್ಟು ಎರಡೂ ಬದಿಯನ್ನು ಮೆಲ್ಲಗೆ ಅದುಮು. ಕರಗಿದ ಪ್ಲಾಸ್ಟಿಕ್ ಸಂದಿಯುದ್ದಕ್ಕೂ ಸಣ್ಣ ಏರಾಗಿ ಹೊರಬರಬೇಕು. ಅದನ್ನು ಕಂಡು ಗಾಬರಿಯಾಗಿ ಒರೆಸಬೇಡ, ನಿನಗೆ ಬೇಕಾದ್ದೇ ಅದು. ಒಂದು ಇಡೀ ದಿನ, ಸಾಧ್ಯವಾದರೆ ಎರಡು ದಿನ ಮುಟ್ಟದೆ ಬಿಡು. ಒಣಗಿದ ಮೇಲೆ ಆ ಏರನ್ನು ಬ್ಲೇಡಿನ ಬೆನ್ನಿನಿಂದ ಹೆರೆದರೆ ಸಂದಿ ಇದ್ದ ಗುರುತೇ ಇರುವುದಿಲ್ಲ. ಎರಡು ಗಂಟೆಗೇ ಉಜ್ಜಲು ಶುರುಮಾಡಿದರೆ ಮೆತ್ತಗಿರುವ ಪ್ಲಾಸ್ಟಿಕ್ ಮುಂದೆ ಒಣಗುತ್ತಾ ಕುಗ್ಗಿ, ಬಣ್ಣ ಎಲ್ಲ ಮುಗಿದು ವಾರ ಕಳೆದ ಮೇಲೆ ಬೆನ್ನಮೇಲೆ ಒಂದು ಸಣ್ಣ ಕಾಲುವೆ ಮೂಡುತ್ತದೆ.

ಫೆವಿಕ್ವಿಕ್ ಡ್ರಾಯರಿನಲ್ಲಿರಲಿ, ಲೋಹದ ಚೂರಿಗೋ ರೆಸಿನ್ ಭಾಗಕ್ಕೋ ಬೇಕಾಗುತ್ತದೆ. ಆದರೆ ಪೈಲಟ್ಟಿನ ತಲೆಮೇಲಿನ ಪಾರದರ್ಶಕ ಮುಚ್ಚಳ, ಆ ಕ್ಯಾನೊಪಿಯ ಹತ್ತಿರ ತರಬೇಡ. ಅದರ ಆವಿಯೇ ಸಾಕು, ಗಾಜಿನಂತಿದ್ದದ್ದು ಮಂಜು ಹಿಡಿದಂತೆ ಬೆಳ್ಳಗಾಗುತ್ತದೆ. ಕ್ಯಾನೊಪಿಗೆ ಬಡಗಿಗಳು ಬಳಸುವ ಬಿಳಿ ಫೆವಿಕಾಲ್ ಸಾಕು. ಒಣಗಿದ ಮೇಲೆ ಕಾಣುವುದಿಲ್ಲ, ಹೆಚ್ಚಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು.

ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಸಿಮೆಂಟ್, ಥಿನ್ನರ್, ಲ್ಯಾಕರ್ ಎಲ್ಲ ಉಸಿರಿಗೆ ಕೆಟ್ಟದ್ದು, ಬೆಂಕಿಗೂ ಬೇಗ ಹತ್ತುವಂಥದ್ದು. ನಿನ್ನ ಆ ಒಂದು ರೂಮಿನ ಮನೆಯಲ್ಲಿ ಕಿಟಕಿ ಮುಚ್ಚಿ, ಪಕ್ಕದಲ್ಲಿ ಸೊಳ್ಳೆ ಬತ್ತಿ ಹಚ್ಚಿಟ್ಟು ಬಣ್ಣ ಹೊಡೆಯುವುದು ಬೇಡ. ಬಾಲ್ಕನಿಗೆ ಹೋಗು, ಆವಿ ತಡೆಯುವ ಮಾಸ್ಕ್ ಕೊಂಡುಕೋ. ಆಸ್ಪತ್ರೆಯ ಬಟ್ಟೆ ಮಾಸ್ಕ್ ಇದಕ್ಕೆ ಆಗಿಬರದು.

ಕಾಕ್‌ಪಿಟ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡ. ಅದರೊಳಗೆ ತಿಂಗಳುಗಟ್ಟಲೆ ಕೂತು ಸ್ವಿಚ್ಚುಗಳಿಗೆ ಬಣ್ಣ ಹಚ್ಚಿ, ಕೊನೆಗೆ ಎರಡು ಅರ್ಧ ಮೈಗಳನ್ನು ಜೋಡಿಸಿದ ಮೇಲೆ ಏನೂ ಕಾಣದೆ ಬೇಜಾರಾಗಿ ಕಿಟ್ಟನ್ನೇ ಅಟ್ಟಕ್ಕೆ ಹಾಕಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಈ ಅಳತೆಯಲ್ಲಿ ಬೂದು ಮಿಶ್ರಿತ ಹಸಿರು, ಕಪ್ಪು ಡಯಲ್ ಫಲಕ, ಸೀಟಿಗೆ ಬೆಲ್ಟು, ಇಷ್ಟು ಸಾಕು.

ನಿನ್ನ ಕಾಲವನ್ನು ಕೊಡಬೇಕಾದ ಜಾಗ ಸಂದಿಗಳು. ರೆಕ್ಕೆ ಮೈಗೆ ಕೂಡುವ ಬುಡ, ಬೆನ್ನಿನ ಗೆರೆ, ಹೊಟ್ಟೆಯಡಿ ರೆಕ್ಕೆಯ ಹಿಂದಂಚು ಸೇರುವ ಜಾಗ. ಅಲ್ಲಿ ಒಂದು ಪ್ರಶ್ನೆ ಹಾಕಿಕೋ: ಈ ಗೆರೆ ನಿಜ ವಿಮಾನದಲ್ಲಿ ಇತ್ತೇ, ಅಥವಾ ಕಿಟ್ ಮಾಡಿದವನ ಅನುಕೂಲಕ್ಕೆ ಬಂದದ್ದೇ? ಎಂಜಿನ್ನಿನ ಮುಚ್ಚಳದ ಗೆರೆ ನಿಜ, ಅದು ಉಳಿಯಬೇಕು. ಮೂಗಿನಿಂದ ಬಾಲದವರೆಗೆ ಎರಡು ಅಚ್ಚಿನ ತುಂಡು ಕೂಡಿದ ಗೆರೆ ಸುಳ್ಳು; ಅದು ಹೋಗಬೇಕು. ತುಂಬಲು ಪುಟ್ಟಿ ಇದೆ, ಆದರೆ ಸಣ್ಣ ಸಂದಿಗೆ ನಾನು ಬಳಸುವುದು ಕಿಟ್ಟಿನ ಚೌಕಟ್ಟಿನ ಚೂರುಗಳನ್ನೇ ತೆಳು ಸಿಮೆಂಟಿನ ಬಾಟಲಿಯಲ್ಲಿ ಕರಗಿಸಿಟ್ಟ ಪಾಕ. ಅದೇ ಪ್ಲಾಸ್ಟಿಕ್ ಆದ್ದರಿಂದ ಉಜ್ಜುವಾಗ ಒಂದೇ ಸಮ ಸವೆಯುತ್ತದೆ. ಒಣಗಲು ಮಾತ್ರ ದಿನಗಟ್ಟಲೆ ಬೇಕು.

ಉಜ್ಜಲು ಪೇಂಟ್ ಅಂಗಡಿಯ ವಾಟರ್ ಪೇಪರ್ ಸಾಕು. 400ರಿಂದ ಶುರು, 600, 1000, ಕೊನೆಗೆ 2000. ನೀರು ಹಚ್ಚಿ ಉಜ್ಜು; ಧೂಳು ಏಳದು, ಕಾಗದವೂ ಕಟ್ಟಿಕೊಳ್ಳದು. ಒಂದು ನಂಬರಿನ ಗೀರು ಹೋಗುವವರೆಗೆ ಮುಂದಿನ ನಂಬರಿಗೆ ಹೋಗಬೇಡ. ಆಮೇಲೆ ಕಣ್ಣು ಮುಚ್ಚಿ ಉಗುರನ್ನು ಸಂದಿಗೆ ಅಡ್ಡಲಾಗಿ ಎಳೆ. ಕಣ್ಣಿಗೆ ಕಾಣದ ಏರುಪೇರು ಉಗುರಿಗೆ ತಾಗುತ್ತದೆ. ಉಗುರು ತಡೆದರೆ ಬಣ್ಣವೂ ಅಲ್ಲಿ ನಿಂತು ತೋರಿಸುತ್ತದೆ ಅಂತಲೇ ಲೆಕ್ಕ.

ಅಷ್ಟಾದ ಮೇಲೆ ಬೂದು ಪ್ರೈಮರ್. ಇದನ್ನು ಬಣ್ಣಕ್ಕೆ ಹಿಡಿತ ಸಿಗಲಿ ಅಂತ ಹಚ್ಚುತ್ತಾರೆ, ಸರಿ. ನನಗೆ ಅದಕ್ಕಿಂತ ದೊಡ್ಡ ಉಪಯೋಗ ಇನ್ನೊಂದಿದೆ. ಪ್ಲಾಸ್ಟಿಕ್ ಒಂದು ಬಣ್ಣ, ಪುಟ್ಟಿ ಇನ್ನೊಂದು ಬಣ್ಣ ಇರುವವರೆಗೆ ಕಣ್ಣಿಗೆ ತಪ್ಪು ಕಾಣುವುದಿಲ್ಲ. ಎಲ್ಲವೂ ಒಂದೇ ಬೂದು ಬಣ್ಣವಾದಾಗ ಎಲ್ಲ ಎದ್ದು ಕಾಣುತ್ತದೆ. ಪ್ರೈಮರ್ ಹೊಡೆದು ಟೇಬಲ್ ಲ್ಯಾಂಪನ್ನು ಪಕ್ಕದಿಂದ ಹಿಡಿದು ನೋಡು. ಮತ್ತೆ ತುಂಬು, ಮತ್ತೆ ಉಜ್ಜು, ಮತ್ತೆ ಪ್ರೈಮರ್. ಮೂರು ಸಲ ಹಿಂದೆ ಹೋಗಬೇಕಾಗಿ ಬಂದರೂ ಸೋತೆ ಅಂದುಕೊಳ್ಳಬೇಡ, ಎಲ್ಲರ ಮನೆಯಲ್ಲೂ ಅಷ್ಟೇ.

ಈಗ ಬೀರುವಿನ ಮೇಲಿನ ಪೆಟ್ಟಿಗೆ ಇಳಿಸಬಹುದು. ಬಣ್ಣವನ್ನು ಹಾಲಿನಷ್ಟು ತೆಳುಮಾಡು, ಒತ್ತಡ 15ರಿಂದ 20 ಪಿಎಸ್‌ಐ ಇಟ್ಟುಕೋ, ಮೊದಲು ಹಳೆಯ ಪ್ಲಾಸ್ಟಿಕ್ ಚಮಚಗಳ ಮೇಲೆ ಅಭ್ಯಾಸ ಮಾಡು. ಒಂದೇ ಸಲ ಮುಚ್ಚಬೇಕು ಅನ್ನುವ ಆಸೆ ಬೇಡ. ತೆಳು ತೆಳುವಾಗಿ ಮೂರು ನಾಲ್ಕು ಸಲ. ಆಕಾಶ ನೋಡಿಕೊಂಡು ಹೊಡೆ. ಬೆಂಗಳೂರಿನ ಜುಲೈ, ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಲ್ಯಾಕರ್ ಹೊಡೆದರೆ ಥಿನ್ನರ್ ಆರುವ ತಂಪಿಗೆ ಗಾಳಿಯ ತೇವ ಕೂತು ಮೇಲೆ ಬಿಳಿ ಪೊರೆ ಬರುತ್ತದೆ. ಅಂಥ ದಿನ ಉಜ್ಜುವ ಕೆಲಸ ಇಟ್ಟುಕೋ. ಏರ್‌ಬ್ರಶ್ ಇಲ್ಲದೆ ಆಗುವುದೇ ಇಲ್ಲ ಅನ್ನುವವರ ಮಾತಿಗೂ ಕಿವಿಗೊಡಬೇಡ. ಚಪ್ಪಟೆ ಬ್ರಶ್, ನೀರಿನಲ್ಲಿ ಬೆರೆಯುವ ಅಕ್ರಿಲಿಕ್, ಒಂದು ಪದರ ಉದ್ದಕ್ಕೆ ಇನ್ನೊಂದು ಅಡ್ಡಕ್ಕೆ. ಇಷ್ಟರಲ್ಲೇ ಅದ್ಭುತವಾಗಿ ಮಾಡುವವರಿದ್ದಾರೆ.

ಬಣ್ಣದ ನಂಬರುಗಳ ಜಗಳಕ್ಕೆ ಇಳಿಯಬೇಡ. ಯುದ್ಧಕಾಲದ ಹಸಿರು ಇದೇನಾ ಅದೇನಾ ಅಂತ ವಾದ ಮಾಡುವುದಕ್ಕೇ ಒಂದು ಜಾತಿಯ ಜನ ಇದ್ದಾರೆ, ಅವರು ಮುಗಿಸಿದ ವಿಮಾನ ಒಂದೂ ಕಾಣಸಿಗುವುದಿಲ್ಲ. ಬಿಸಿಲು, ಮಳೆಗೆ ನಿಜ ವಿಮಾನದ ಬಣ್ಣವೂ ತಿಂಗಳೊಪ್ಪತ್ತಿನಲ್ಲಿ ಮಾಸುತ್ತಿತ್ತು.

ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳ ಬಗ್ಗೆ ಮಾತ್ರ ಮತ್ತೆ ಗಮನವಿಟ್ಟು ಕೇಳು, ಚೆನ್ನಾಗಿ ಬಂದ ವಿಮಾನಗಳು ಕೆಡುವುದು ಇಲ್ಲೇ. ಮ್ಯಾಟ್ ಬಣ್ಣ ಬರಿಗಣ್ಣಿಗೆ ನುಣುಪು, ಭೂತಗನ್ನಡಿಯಲ್ಲಿ ನೋಡಿದರೆ ಗುಂಡಿ ದಿಣ್ಣೆ. ಅದರ ಮೇಲೆ ನೇರವಾಗಿ ಡೆಕಾಲ್ ಕೂರಿಸಿದರೆ ಗುಂಡಿಗಳಲ್ಲಿ ಗಾಳಿ ಸಿಕ್ಕಿ, ಓರೆಯಾಗಿ ಹಿಡಿದಾಗ ಪೊರೆ ಬೆಳ್ಳಿಯಂತೆ ಮಿನುಗುತ್ತದೆ. ಆದ್ದರಿಂದ ಮೊದಲು ಹೊಳಪಿನ ಕ್ಲಿಯರ್ ಕೋಟ್, ಅದು ಪೂರ್ತಿ ಒಣಗಿದ ಮೇಲೆ ಡೆಕಾಲ್, ಅದರ ಮೇಲೆ ಮತ್ತೆ ಒಂದು ಪದರ, ಕಡೆಗೆ ಮ್ಯಾಟ್. ನಿಮ್ಮ ಬಡಾವಣೆಯ ಬೋರ್‌ವೆಲ್ ನೀರು ಬಳಸಬೇಡ, ಒಣಗಿದಾಗ ಸುಣ್ಣದ ಕಲೆ ಬಿಡುತ್ತದೆ. ಕುಡಿಯುವ ಫಿಲ್ಟರ್ ನೀರು ತೆಗೆದುಕೋ. ಮೆದುಮಾಡುವ ದ್ರಾವಣ ಹಚ್ಚಿದಾಗ ಡೆಕಾಲ್ ಮುದುಡಿ ಸುಕ್ಕಾಗುತ್ತದೆ, ಎದೆ ಧಸಕ್ಕೆನ್ನುತ್ತದೆ. ಮುಟ್ಟಬೇಡ. ಎದ್ದು ಹೋಗಿ ಕಾಫಿ ಕುಡಿ. ತಾನೇ ಎಳೆದುಕೊಂಡು ಗೆರೆಗಳೊಳಗೆ ಇಳಿದು ಕೂರುತ್ತದೆ.

ಡೆಕಾಲ್ ಹಾಳೆಯಲ್ಲಿ ಆಯ್ಕೆ ಇದ್ದರೆ ಎರಡನೇ ಮಹಾಯುದ್ಧದ ಬರ್ಮಾ ರಂಗದ ಸ್ಪಿಟ್‌ಫೈರ್ ಮಾಡು. ನಮ್ಮ ವಾಯುಪಡೆಯ 8ನೇ ಸ್ಕ್ವಾಡ್ರನ್ ಅಲ್ಲಿ ಸ್ಪಿಟ್‌ಫೈರ್ ಹಾರಿಸಿತ್ತು. ಆ ವಿಮಾನಗಳ ಚಕ್ರಗುರುತಿನಲ್ಲಿ ಕೆಂಪು ಇರುವುದಿಲ್ಲ. ಜಪಾನಿನ ಕೆಂಪು ಸೂರ್ಯ ಅಂತ ತಪ್ಪು ತಿಳಿದು ತಮ್ಮವರೇ ಹೊಡೆಯಬಾರದು ಅಂತ ತೆಗೆದುಹಾಕಿದ್ದರು. ರೆಕ್ಕೆಯ ಮುಂದಂಚಿನಲ್ಲಿ ಬಂದೂಕಿನ ಬಾಯಿಗೆ ಅಂಟಿಸುವ ಸಣ್ಣ ಕೆಂಪು ಚೌಕಗಳು ಸಿಕ್ಕರೆ ಅಲಂಕಾರ ಅಂದುಕೊಳ್ಳಬೇಡ. ಧೂಳು, ತಂಪು ಒಳಹೋಗದಿರಲಿ ಅಂತ ಬಟ್ಟೆಯ ತೇಪೆ ಹಾಕುತ್ತಿದ್ದರು. ಗುಂಡು ಹಾರಿಸಿದಾಗ ಅದು ಹರಿದುಹೋಗುತ್ತಿತ್ತು. ತೇಪೆ ಹಾಗೇ ಇರುವ ರೆಕ್ಕೆಗೆ ಬಂದೂಕಿನ ಮಸಿ ಬಳಿದರೆ ನೋಡಿದವನು ನಗುತ್ತಾನೆ.

ಮಾಸಿದಂತೆ ತೋರಿಸುವ ಕೆಲಸಕ್ಕೆಲ್ಲ ಇದೇ ಮಾತು. ಎಲ್ಲಿ ಮಸಿ, ಎಲ್ಲಿ ಸವೆತ ಅನ್ನುವುದಕ್ಕೆ ಕಾರಣ ಇರಬೇಕು. ಸ್ಪಿಟ್‌ಫೈರಿನ ಹೊಗೆ ಕೊಳವೆಯ ಕಲೆ ಗಾಳಿ ಹರಿದ ಕಡೆಗೆ, ಮೈ ಉದ್ದಕ್ಕೆ ಹಿಂದಕ್ಕೆ ಹೋಗುತ್ತದೆ. ಪೈಲಟ್ ಹತ್ತುವ ಸಣ್ಣ ಬಾಗಿಲು ಎಡಗಡೆಗೆ. ಹಾಗಾಗಿ ಎಡ ರೆಕ್ಕೆಯ ಬುಡದ ಬಣ್ಣ ಬೂಟಿನ ತುಳಿತಕ್ಕೆ ಬಲಗಡೆಗಿಂತ ಹೆಚ್ಚು ಸವೆಯುತ್ತದೆ. ಎರಡೂ ಕಡೆ ಒಂದೇ ಸಮ ಕೆರೆದರೆ ಅದು ಬರೀ ಕೆರೆತ. ನಮ್ಮ ಮಿಗ್-21ಗಳ ಕಥೆ ಇನ್ನೂ ಸ್ವಾರಸ್ಯ. ಬರಿ ಲೋಹದ ಬಣ್ಣದಲ್ಲಿದ್ದವುಗಳಿಗೆ 1971ರ ಯುದ್ಧದ ಹೊತ್ತಿಗೆ ಅವಸರದಲ್ಲಿ ಹಸಿರು, ಕಂದು ಬಳಿದರು. ಒಂದು ಇದ್ದಂತೆ ಇನ್ನೊಂದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಚಂಡೀಗಢದಲ್ಲಿ ಅವು ನಿವೃತ್ತಿಯಾದ ಮೇಲೆ ಆ ಕಿಟ್ಟಿನ ಮೇಲೆ ಎಲ್ಲರಿಗೂ ಪ್ರೀತಿ ಬಂದಿದೆ. ಮಾಡು, ಆದರೆ ಒಂದೇ ವಿಮಾನದ ಒಂದೇ ಕಾಲದ ಫೋಟೊ ಹಿಡಿದು ಮಾಡು. ಆಮೇಲೆ ಕೈ ತಡೆ. ಮಸಿ ಬಳಿಯುವುದು ಶುರುವಾದರೆ ನಿಲ್ಲಿಸುವುದು ಕಷ್ಟ. ಸಾಕು ಅನ್ನಿಸುವುದಕ್ಕೆ ಸ್ವಲ್ಪ ಮೊದಲೇ ಬ್ರಶ್ ತೊಳೆದಿಡು.

ಎರಡನೆಯದಾಗಿ ನಿನ್ನಲ್ಲಿರುವ ಫೋಕೆ ವುಲ್ಫ್ 190 ತೆಗೆದುಕೋ. 1939ರಲ್ಲಿ ಮೊದಲು ಹಾರಿದ ಆ ಜರ್ಮನ್ ವಿಮಾನದ ವಿನ್ಯಾಸಕಾರ ಕುರ್ಟ್ ಟ್ಯಾಂಕ್, 1956ರಲ್ಲಿ ನಮ್ಮ ಬೆಂಗಳೂರಿನ ಎಚ್‌ಎಎಲ್‌ಗೆ ಬಂದು ಎಚ್‌ಎಫ್-24 ಮಾರುತ್ ಯುದ್ಧವಿಮಾನದ ವಿನ್ಯಾಸ ಮಾಡಿದ. ಮಾರುತ್ 1961ರ ಜೂನ್ 17ರಂದು ಹಾರಿತು. ಅದಕ್ಕೂ ಮೊದಲು, 1959ರಲ್ಲಿ, ಅದೇ ಆಕಾರದ ಪೂರ್ಣ ಗಾತ್ರದ ಮರದ ಗ್ಲೈಡರನ್ನು ಮಾಡಿ ಹಾರಿಸಿ ನೋಡಿದ್ದರು. ಮಾದರಿ ಮಾಡುವವರ ಪೈಕಿ ಅವರೂ ಸೇರಿದರು ಅನ್ನು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲೂ ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂನಲ್ಲೂ ಒಂದೊಂದು ಮಾರುತ್ ಇದೆ. ಹೋಗಿ ಅದರ ಕೆಳಗೆ ಬಗ್ಗಿ ನೋಡು. ಚಕ್ರದ ಗೂಡಿನೊಳಗೆ ಕೊಳವೆಗಳು ಹೇಗೆ ಓಡುತ್ತವೆ, ತಗಡಿಗೆ ತಗಡು ಎಲ್ಲಿ ಕೂಡುತ್ತದೆ, ರಿವೆಟ್ ಸಾಲು ಎಲ್ಲಿ ನಿಲ್ಲುತ್ತದೆ. ಆಕಾರವನ್ನು ಅಲ್ಲಿಂದ ಕಲಿ, ಬಣ್ಣವನ್ನು ಮಾತ್ರ ನಂಬಬೇಡ. ಬಯಲಲ್ಲಿ ನಿಂತ ಪ್ರದರ್ಶನದ ವಿಮಾನಗಳಿಗೆ ಕಾಲಕಾಲಕ್ಕೆ ಅಂಗಡಿಯ ಪೇಂಟ್ ಬಳಿಯುತ್ತಾರೆ. ಆ ದಪ್ಪ ಹೊಳಪು ಸ್ಕ್ವಾಡ್ರನ್ನಿನಲ್ಲಿ ಇದ್ದಾಗ ಇರಲಿಲ್ಲ. ಬಣ್ಣಕ್ಕೆ ಹಳೆಯ ಫೋಟೊಗಳೇ ಗತಿ.

ನೀನು ಮಾಡಿದ ಮಾದರಿ ಬಿದ್ದು ಮುರಿದರೆ ಎಸೆಯಬೇಡ. ಬೀಳುತ್ತದೆ, ಆ ಮಾತಿನಲ್ಲಿ ಸಂಶಯ ಬೇಡ. ನಿನ್ನ ಆ ಲಿಬರೇಟರ್ ಪೆಟ್ಟಿಗೆ ಕಂಡಾಗಲೆಲ್ಲ ನನಗೆ ನೆನಪಾಗುವುದು ಎಚ್‌ಎಎಲ್‌ನವರ ಕೆಲಸ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಸಾಲುಸಾಲು ಲಿಬರೇಟರ್‌ಗಳನ್ನು ಮತ್ತೆ ಹಾರಬಾರದು ಅಂತ ಬೇಕೆಂದೇ ಕೆಡಿಸಿ ಬಿಟ್ಟುಹೋಗಿದ್ದರು. ಎಚ್‌ಎಎಲ್ ಮಂದಿ ಅಲ್ಲಿಗೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಮಾಡಿ, ಟೆಸ್ಟ್ ಪೈಲಟ್ ಜಿಮ್ಮಿ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ದುರಸ್ತಿಯಾಗಿ ವಾಯುಪಡೆಗೆ ಸೇರಿದವು, 1968ರವರೆಗೂ ಹಾರಿದವು. ಅವುಗಳಲ್ಲೊಂದು ಈಗ ಬ್ರಿಟನ್ನಿನ ವಾಯುಪಡೆ ಮ್ಯೂಸಿಯಂನಲ್ಲೇ ಇದೆ, ಇಲ್ಲಿಂದ 1974ರಲ್ಲಿ ಹೋದದ್ದು. ನಿನ್ನದು ಬರೀ ಮುರಿದ ಚಕ್ರದ ಕಾಲು. ಒಳಗೆ ಸಣ್ಣ ತಂತಿ ತೂರಿಸಿ ನಿಲ್ಲಿಸು.

ಮೂರನೆಯ ವಿಮಾನ ಮುಗಿಯುವವರೆಗೆ ಹೊಸ ಕಿಟ್ ಕೊಳ್ಳಬೇಡ. ನನ್ನ ಅಟ್ಟದ ಮೇಲೆ ಎಷ್ಟಿವೆ ಅಂತ ನಿಮ್ಮ ದೊಡ್ಡಮ್ಮನನ್ನು ಕೇಳಬೇಡ, ಆ ಲೆಕ್ಕ ನಮ್ಮಲ್ಲಿ ಬೇರೆಯೇ ಜಗಳ.

ಮುಗಿದದ್ದನ್ನು ಗಾಜಿನ ಬಾಗಿಲಿನ ಕಪಾಟಿನಲ್ಲಿಡು. ಬಿಸಿಲು ನೇರ ಬೀಳದಂತೆ ನೋಡಿಕೋ, ಡೆಕಾಲ್ ಹಳದಿಯಾಗುತ್ತದೆ. ಧೂಳಿಗೆ ಮೆತ್ತನೆಯ ಮೇಕಪ್ ಬ್ರಶ್ ಸಾಕು, ಒದ್ದೆ ಬಟ್ಟೆ ಬೇಡ. ಆಂಟೆನಾ ತಂತಿ ಒರೆಸುಬಟ್ಟೆಗೆ ಸಿಕ್ಕಿದರೆ ಬಾಲವೂ ಜೊತೆಗೆ ಬರುತ್ತದೆ. ಕಪಾಟಿನ ಬೀಗದ ಕೈ ನಿನ್ನ ಹತ್ತಿರವೇ ಇರಲಿ. ಆಯುಧಪೂಜೆಯ ದಿನವಂತೂ ನಿಮ್ಮಮ್ಮ ಕುಂಕುಮದ ಬಟ್ಟಲು ಹಿಡಿದು ಬರುವ ಹೊತ್ತಿಗೆ ಅದರ ಮುಂದೆ ನೀನೇ ನಿಂತಿರು. ಕಾರಿಗೆ, ಸ್ಕೂಟರಿಗೆ, ಆ ಕಂಪ್ರೆಸರಿಗೆ ಧಾರಾಳವಾಗಿ ಹಚ್ಚಲಿ. ಮ್ಯಾಟ್ ವಾರ್ನಿಶ್ ಮೇಲೆ ಬಿದ್ದ ಕುಂಕುಮ ಯಾವ ಥಿನ್ನರಿಗೂ ಹೋಗುವುದಿಲ್ಲ.